ಮೋಹದ ಕಣ್ಕಟ್ಟು: ‘ಬಾಡಿ ಹೀಟ್’ ಕಲಿಸುವ ಕಸುಬು

ಎರಾಟಿಕ್ ಥ್ರಿಲ್ಲರ್ ಎಂದೊಡನೆ ನಮ್ಮಲ್ಲಿ ಅನೇಕರು ಮುಖ ತಿರುಗಿಸುತ್ತಾರೆ. ನಾಲ್ಕು ಹಸಿಬಿಸಿ ದೃಶ್ಯ, ಒಂದು ಕೊಲೆ, ಕೊನೆಗೊಂದು ತಿರುವು ಇದ್ದರೆ ಸಾಕು ಎಂಬ ಲೆಕ್ಕದಲ್ಲಿ ತಯಾರಾದ ಚಿತ್ರಗಳು ಸಾಲುಸಾಲಾಗಿ ಬಂದು ಈ ಪ್ರಕಾರದ ಮಾನ ಕಳೆದಿರುವುದು ನಿಜ. ಆದರೂ ಬರೆಯಲು, ನಿರ್ದೇಶಿಸಲು, ನಟಿಸಲು ಇಷ್ಟು ಕಷ್ಟವಾದ ಪ್ರಕಾರ ಇನ್ನೊಂದಿಲ್ಲ ಎಂಬುದು ನನ್ನ ನಂಬಿಕೆ. ಪತ್ತೇದಾರಿ ಚಿತ್ರ ನೋಡುವವನು ಸುಳಿವು ಹುಡುಕುತ್ತಾ ಕೂರುತ್ತಾನೆ. ಎರಾಟಿಕ್ ಥ್ರಿಲ್ಲರ್‌ನಲ್ಲಿ ಸುಳಿವುಗಳು ಕಣ್ಣೆದುರೇ ಇರುತ್ತವೆ. ನಾಯಕನ ಹಾಗೆ ಪ್ರೇಕ್ಷಕನೂ ಮೋಹಕ್ಕೆ ಬಿದ್ದು ಅವುಗಳನ್ನು ಕಾಣದೇ ಹೋಗಬೇಕು. ಹಾಗೆ ಆಗಬೇಕಾದರೆ ಶೃಂಗಾರ ಕಥೆಯ ಅಲಂಕಾರವಾಗಿ ಉಳಿಯುವಂತಿಲ್ಲ, ಕಥೆಯನ್ನು ನಡೆಸುವ ಶಕ್ತಿಯೇ ಆಗಬೇಕು.

ಈ ಮಾತಿಗೆ ನನಗೆ ಗೊತ್ತಿರುವ ಅತ್ಯುತ್ತಮ ಸಾಕ್ಷಿ 1981ರಲ್ಲಿ ತೆರೆಕಂಡ ಅಮೆರಿಕನ್ ಚಿತ್ರ ‘ಬಾಡಿ ಹೀಟ್’. ಗುಟ್ಟು ಬಿಚ್ಚದೆ ಇದರ ಕಸುಬಿನ ಬಗ್ಗೆ ಮಾತಾಡಲು ಸಾಧ್ಯವಿಲ್ಲ. ನೋಡದವರು ಚಿತ್ರ ನೋಡಿದ ಮೇಲೆ ಮುಂದಕ್ಕೆ ಓದುವುದು ಒಳಿತು.

ಬರೆದು ನಿರ್ದೇಶಿಸಿದವರು ಲಾರೆನ್ಸ್ ಕ್ಯಾಸ್ಡನ್. ಆಗ ಅವರಿಗೆ 32 ವರ್ಷ. ಜಾಹೀರಾತು ಸಂಸ್ಥೆಗಳಲ್ಲಿ ಕಾಪಿ ಬರೆಯುತ್ತಿದ್ದವರು ಚಿತ್ರಕಥೆಗೆ ಬಂದು, ಜಾರ್ಜ್ ಲ್ಯೂಕಾಸ್ ಅವರಿಗಾಗಿ ‘ದಿ ಎಂಪೈರ್ ಸ್ಟ್ರೈಕ್ಸ್ ಬ್ಯಾಕ್’ ಮತ್ತು ‘ರೈಡರ್ಸ್ ಆಫ್ ದಿ ಲಾಸ್ಟ್ ಆರ್ಕ್’ ಚಿತ್ರಗಳ ಬರವಣಿಗೆಯಲ್ಲಿ ಕೈಯಾಡಿಸಿದ್ದರು. ನಿರ್ದೇಶನ ಇದೇ ಮೊದಲು. ಲ್ಯೂಕಾಸ್ ತಮ್ಮ ಹೆಸರು ಹಾಕಿಸಿಕೊಳ್ಳದೆ ಬೆನ್ನಿಗೆ ನಿಂತರು. ನಾಯಕಿ ಕ್ಯಾಥ್ಲೀನ್ ಟರ್ನರ್ ಅವರಿಗೂ ಇದು ಮೊದಲ ಸಿನಿಮಾ. ನಾಯಕ ವಿಲಿಯಂ ಹರ್ಟ್ ಬೆಳ್ಳಿತೆರೆಗೆ ಬಂದು ಆಗಿನ್ನೂ ಹೆಚ್ಚು ಕಾಲವಾಗಿರಲಿಲ್ಲ. ಹೊಸಬರೇ ಸೇರಿ ಮಾಡಿದ ಈ ಚಿತ್ರ ಮುಂದಿನ ಹತ್ತು ಹದಿನೈದು ವರ್ಷ ಹಾಲಿವುಡ್‌ನಲ್ಲಿ ಒಂದು ಪ್ರಕಾರಕ್ಕೇ ದಾರಿ ತೋರಿಸಿತು.

ಕಥೆ ಮೇಲ್ನೋಟಕ್ಕೆ ಹಳೆಯದು. ಫ್ಲಾರಿಡಾದ ಸಣ್ಣ ಊರಿನಲ್ಲಿ ನೆಡ್ ರೆಸೀನ್ ಎಂಬ ವಕೀಲ. ಕೆಲಸದಲ್ಲಿ ಉದಾಸೀನ, ಹೆಂಗಸರ ವಿಷಯದಲ್ಲಿ ಉತ್ಸಾಹ. ಬೇಸಿಗೆಯ ಒಂದು ರಾತ್ರಿ ಶ್ರೀಮಂತನೊಬ್ಬನ ಹೆಂಡತಿ ಮ್ಯಾಟಿ ವಾಕರ್ ಪರಿಚಯವಾಗುತ್ತಾಳೆ. ಸಂಬಂಧ ಬೆಳೆಯುತ್ತದೆ. ಗಂಡನನ್ನು ಕೊಂದರೆ ಅವಳೂ ಸಿಗುತ್ತಾಳೆ, ಆಸ್ತಿಯೂ ಸಿಗುತ್ತದೆ ಎಂಬ ಯೋಚನೆ ಹುಟ್ಟುತ್ತದೆ. 1944ರಲ್ಲಿ ಬಿಲ್ಲಿ ವೈಲ್ಡರ್ ನಿರ್ದೇಶಿಸಿದ ‘ಡಬಲ್ ಇಂಡೆಮ್ನಿಟಿ’ಯದ್ದೂ ಹೆಚ್ಚುಕಡಿಮೆ ಇದೇ ಹಂದರ. ಜೇಮ್ಸ್ ಎಂ. ಕೇನ್ ಅವರ ಕಾದಂಬರಿಯನ್ನು ಆಧರಿಸಿದ ಆ ಚಿತ್ರದಲ್ಲಿ ವಿಮಾ ಏಜೆಂಟನೊಬ್ಬ ಪರರ ಹೆಂಡತಿಯ ಮೋಹಕ್ಕೆ ಬಿದ್ದು ಅವಳ ಗಂಡನನ್ನು ಕೊಲ್ಲುತ್ತಾನೆ. ಕ್ಯಾಸ್ಡನ್ ಹಳೆಯ ಚಿತ್ರಗಳನ್ನು ಅನುಕರಿಸಿದರು ಎಂಬ ದೂರು ಆಗಲೇ ಕೇಳಿಬಂದಿತ್ತು. ವಿಮರ್ಶಕಿ ಪಾಲಿನ್ ಕೇಲ್ ಅವರಿಗೆ ಚಿತ್ರ ಹಿಡಿಸಲೇ ಇಲ್ಲ. ಆದರೆ ರೋಜರ್ ಈಬರ್ಟ್ ಮುಂದೆ ಇದನ್ನು ತಮ್ಮ ಶ್ರೇಷ್ಠ ಚಿತ್ರಗಳ ಸರಣಿಗೆ ಸೇರಿಸಿಕೊಂಡರು. ಈ ವಿಷಯದಲ್ಲಿ ನಾನು ಈಬರ್ಟ್ ಪಕ್ಷ.

ಕಾರಣ, ಎರಡು ಚಿತ್ರಗಳ ನಡುವೆ ಇರುವುದು ಬರೀ ಕಾಲದ ಅಂತರವಲ್ಲ. ವೈಲ್ಡರ್ ಚಿತ್ರ ಮಾಡಿದಾಗ ಹಾಲಿವುಡ್‌ನಲ್ಲಿ ಹೇಸ್ ಸಂಹಿತೆ ಜಾರಿಯಲ್ಲಿತ್ತು. 1934ರಿಂದ ಬಿಗಿಯಾಗಿ ನಡೆದ ಆ ನಿಯಮಾವಳಿ ಕಾಮವನ್ನು ತೆರೆಯ ಮೇಲಿನಿಂದ ಓಡಿಸಿತ್ತು. ಜೊತೆಗೆ ಅಪರಾಧಿಗೆ ಶಿಕ್ಷೆಯಾಗಲೇಬೇಕು ಎಂದೂ ವಿಧಿಸಿತ್ತು. 1968ರಲ್ಲಿ ಅದು ಹೋಗಿ ವಯಸ್ಸಿಗೆ ತಕ್ಕ ರೇಟಿಂಗ್ ಪದ್ಧತಿ ಬಂತು. ಇದರಿಂದ ಮೈ ತೋರಿಸುವ ಸ್ವಾತಂತ್ರ್ಯವಷ್ಟೇ ಸಿಕ್ಕಿತೆಂದು ಹಲವರು ತಿಳಿದರು. ಕ್ಯಾಸ್ಡನ್ ಅದಕ್ಕಿಂತ ದೊಡ್ಡ ಸ್ವಾತಂತ್ರ್ಯವನ್ನು ಗುರುತಿಸಿದರು: ತಪ್ಪಿತಸ್ಥೆ ಗೆಲ್ಲಬಹುದು. ಅವಳು ಗೆಲ್ಲಬಹುದಾದರೆ ಕಥೆಯ ಕೊನೆ ಪ್ರೇಕ್ಷಕನಿಗೆ ಮೊದಲೇ ಗೊತ್ತಿರುವುದಿಲ್ಲ. ಇಡೀ ಚಿತ್ರಕಥೆ ನಿಂತಿರುವುದು ಈ ಒಂದು ಸಾಧ್ಯತೆಯ ಮೇಲೆ.

ಬರವಣಿಗೆಯ ಕುಶಲತೆ ನೋಡಿ. ಚಿತ್ರ ಆರಂಭವಾಗುವುದೇ ಬೆಂಕಿಯಿಂದ. ದೂರದಲ್ಲಿ ಹಳೆಯ ಹೋಟೆಲೊಂದು ಹೊತ್ತಿ ಉರಿಯುತ್ತಿದೆ. ನೆಡ್ ಕಿಟಕಿಯಲ್ಲಿ ನಿಂತು ನೋಡುತ್ತಾ, ತನ್ನ ಕಕ್ಷಿದಾರರಲ್ಲೇ ಯಾರೋ ಹಚ್ಚಿರಬಹುದು ಎನ್ನುತ್ತಾನೆ. ಕೋಣೆಯಲ್ಲಿ ಹೆಣ್ಣೊಬ್ಬಳು ಬಟ್ಟೆ ಹಾಕಿಕೊಳ್ಳುತ್ತಿದ್ದಾಳೆ. ಅವನ ಜೀವನಕ್ರಮ, ಊರಿನ ಧಗೆ, ಬೆಂಕಿ ಹಚ್ಚುವವರ ಒಡನಾಟ ಮೂರೂ ಒಂದೇ ದೃಶ್ಯದಲ್ಲಿ ಬಂದುಬಿಟ್ಟವು. ಮುಂದೆ ಅವನು ಕೊಲೆಯನ್ನು ಮುಚ್ಚಿಹಾಕಲು ಬೇಕಾದ ಬೆಂಕಿಬಾಂಬಿಗಾಗಿ ಹೋಗುವುದು ಅಂಥ ಕಕ್ಷಿದಾರನ ಹತ್ತಿರವೇ. ಬೀಜ ಬಿತ್ತಿದ್ದು ಯಾರ ಗಮನಕ್ಕೂ ಬರುವುದಿಲ್ಲ, ಏಕೆಂದರೆ ನಾವು ಆಗ ನೆಡ್‌ನ ರಸಿಕತನ ನೋಡುತ್ತಿದ್ದೇವೆ.

ಮ್ಯಾಟಿ ಮೊದಲ ಭೇಟಿಯಲ್ಲೇ ಅವನಿಗೆ ನೀನು ಅಷ್ಟೇನೂ ಜಾಣನಲ್ಲ ಎಂಬರ್ಥದ ಮಾತು ಹೇಳಿ, ಗಂಡಸರಲ್ಲಿ ತನಗೆ ಅದೇ ಇಷ್ಟ ಎನ್ನುತ್ತಾಳೆ. ಅವನು ಅದನ್ನು ಸರಸವೆಂದು ತಿಳಿಯುತ್ತಾನೆ. ನಾವೂ ಹಾಗೇ ತಿಳಿಯುತ್ತೇವೆ. ನಿಜವಾಗಿ ಅದು ಅವಳ ಆಯ್ಕೆಯ ಮಾನದಂಡ. ಉಯಿಲಿನ ಪ್ರಕರಣವೊಂದನ್ನು ನೆಡ್ ಹಿಂದೆ ಕೆಡಿಸಿದ್ದ. ಅದನ್ನು ತಿಳಿದುಕೊಂಡೇ ಅವಳು ಅವನನ್ನು ಆರಿಸಿಕೊಂಡದ್ದು ಎಂದು ಬಹಳ ತಡವಾಗಿ ಗೊತ್ತಾಗುತ್ತದೆ. ಸತ್ಯವನ್ನು ಮುಚ್ಚಿಡದೆ, ಎಲ್ಲರೂ ಕೇಳುವಂತೆ ಆಡಿಸಿ, ಆದರೂ ಯಾರೂ ನಂಬದಂತೆ ಮಾಡುವುದು ಚಿತ್ರಕಥೆಗಾರನ ಪರಿಣತಿ.

ವಕೀಲರಾಗಿರುವ ಓದುಗರಿಗೆ ಇದರ ಕಾನೂನಿನ ಗಂಟು ವಿಶೇಷವಾಗಿ ಹಿಡಿಸೀತು. ಗಂಡನ ಮೂಲ ಉಯಿಲಿನಲ್ಲಿ ಅರ್ಧ ಆಸ್ತಿ ಮಾತ್ರ ಹೆಂಡತಿಗೆ, ಉಳಿದರ್ಧ ಅವನ ಸೋದರಿಯ ಮಗಳಿಗೆ. ಮ್ಯಾಟಿ ನೆಡ್‌ಗೆ ಗೊತ್ತಾಗದಂತೆ ಅವನ ಕಚೇರಿಯ ಕಾಗದದ ಮೇಲೆ ಹೊಸ ಉಯಿಲು ಸೃಷ್ಟಿಸುತ್ತಾಳೆ. ಅದರಲ್ಲಿ ಬೇಕೆಂದೇ ಒಂದು ದೋಷ ಇಟ್ಟಿರುತ್ತಾಳೆ: ಆಸ್ತಿಯನ್ನು ಕಾನೂನು ಒಪ್ಪುವ ಅವಧಿಗಿಂತ ದೂರದ ಭವಿಷ್ಯಕ್ಕೆ ಕಟ್ಟಿಹಾಕಬಾರದು ಎಂಬ ನಿಯಮದ ಉಲ್ಲಂಘನೆ. ನಮ್ಮ ದೇಶದ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 14ನೇ ಸೆಕ್ಷನ್‌ನಲ್ಲೂ ಈ ನಿಯಮ ಉಂಟು. ದೋಷದಿಂದ ಇಡೀ ಉಯಿಲು ರದ್ದಾಗುತ್ತದೆ. ಉಯಿಲೇ ಇಲ್ಲವಾದರೆ ಎಲ್ಲವೂ ಹೆಂಡತಿಗೆ. ನೆಡ್ ಹಿಂದೆಯೂ ಇಂಥದೇ ತಪ್ಪು ಮಾಡಿದ್ದರಿಂದ ಇದೂ ಅವನದೇ ತಪ್ಪೆಂದು ಎಲ್ಲರೂ ನಂಬುತ್ತಾರೆ. ತಾನು ಬರೆದದ್ದಲ್ಲ ಎಂದು ಹೇಳಿದರೆ ಕೊಲೆಯ ಸಂಚೇ ಬಯಲಾಗುತ್ತದೆ. ಆದ್ದರಿಂದ ಅವನು ಬಾಯಿ ಮುಚ್ಚಿಕೊಂಡು ಕೂರಬೇಕು. ಹಾಸಿಗೆಯಲ್ಲಿ ಗಳಿಸಿದ ನಂಬಿಕೆಯನ್ನು ಅವಳು ಮೇಜಿನ ಮೇಲೆ ನಗದು ಮಾಡಿಕೊಂಡಳು. ಹಿಂದಿನ ಪ್ರಣಯ ದೃಶ್ಯಗಳಿಗೆಲ್ಲ ಉಯಿಲಿನ ಈ ಒಂದು ದೃಶ್ಯದಿಂದ ಹೊಸ ಅರ್ಥ ಬರುತ್ತದೆ.

ಇನ್ನು ನಿರ್ದೇಶನ. ಕ್ಯಾಸ್ಡನ್ ಇಡೀ ಚಿತ್ರವನ್ನು ಸೆಕೆಯಲ್ಲಿ ಅದ್ದಿ ತೆಗೆದಿದ್ದಾರೆ. ಎಲ್ಲರೂ ಸೆಕೆಯ ಮಾತಾಡುತ್ತಾರೆ, ಅಂಗಿಗಳು ಬೆನ್ನಿಗೆ ಅಂಟಿಕೊಂಡಿವೆ, ಫ್ಯಾನು ತಿರುಗಿದರೂ ಗಾಳಿಯಿಲ್ಲ. ಪ್ರೇಮಿಗಳು ಸ್ನಾನದ ತೊಟ್ಟಿಗೆ ಐಸ್ ಸುರಿದುಕೊಂಡು ಕೂರುತ್ತಾರೆ. ಮಾಮೂಲು ವಿವೇಕ ಕರಗಿಹೋಗುವ ಹವಾಮಾನ ಅದು. ಆದರೆ ಚಿತ್ರೀಕರಣ ನಡೆದದ್ದು ಚಳಿಗಾಲದಲ್ಲಿ, ಫ್ಲಾರಿಡಾದ ಲೇಕ್ ವರ್ತ್ ಸುತ್ತಮುತ್ತ. ನಟರ ಮೈಮೇಲಿನ ಬೆವರು ಸಿಂಪಡಿಸಿದ ನೀರು. ಮಾತಾಡುವಾಗ ಬಾಯಿಂದ ಹಬೆ ಕಾಣಬಾರದೆಂದು ಅವರು ಬಾಯಲ್ಲಿ ಐಸ್ ತುಂಡು ಇಟ್ಟುಕೊಂಡು ತಯಾರಾಗಬೇಕಿತ್ತು. ಚಳಿಯಲ್ಲಿ ನಡುಗುತ್ತಾ ಬೇಸಿಗೆಯ ಧಗೆಯನ್ನು ಅಭಿನಯಿಸಿದವರ ಶ್ರಮ ತೆರೆಯ ಮೇಲೆ ಒಂದಿಷ್ಟೂ ಕಾಣುವುದಿಲ್ಲ. ರಿಚರ್ಡ್ ಎಚ್. ಕ್ಲೈನ್ ಅವರ ಛಾಯಾಗ್ರಹಣ, ಕ್ಯಾರಲ್ ಲಿಟಲ್‌ಟನ್ ಅವರ ಸಂಕಲನ, ಸ್ಯಾಕ್ಸೊಫೋನಿನಲ್ಲಿ ಹರಿದಾಡುವ ಜಾನ್ ಬ್ಯಾರಿ ಅವರ ಸಂಗೀತ ಸೇರಿ ಆ ಸೆಕೆಯನ್ನು ನಮ್ಮ ಮೈಗೂ ತಟ್ಟಿಸುತ್ತವೆ.

ಒಂದು ದೃಶ್ಯವನ್ನು ಬಿಡಿಸಿ ನೋಡೋಣ. ಮೊದಲ ಬಾರಿ ಮ್ಯಾಟಿಯ ಮನೆಗೆ ಬಂದ ನೆಡ್‌ನನ್ನು ಅವಳು ಹೊರಗೆ ಕಳಿಸಿ ಬಾಗಿಲು ಹಾಕಿಕೊಳ್ಳುತ್ತಾಳೆ. ಅವನು ಕಾರಿನ ತನಕ ಹೋಗಿ ತಿರುಗಿ ಬರುತ್ತಾನೆ. ಬಾಗಿಲ ಪಕ್ಕದ ಗಾಜಿನಲ್ಲಿ ಇಣುಕುತ್ತಾನೆ. ಒಳಗೆ ಅವಳು ಅಲ್ಲಾಡದೆ ನಿಂತು ಅವನನ್ನೇ ನೋಡುತ್ತಿದ್ದಾಳೆ. ವರಾಂಡದಲ್ಲಿ ಗಾಳಿಗಂಟೆಗಳು ಕಿಣಿಕಿಣಿಸುತ್ತಿವೆ. ಅವನು ಕಿಟಕಿಯಿಂದ ಕಿಟಕಿಗೆ ಸುತ್ತುತ್ತಾನೆ, ಎಲ್ಲ ಬಾಗಿಲೂ ಭದ್ರ. ಕೊನೆಗೆ ಕುರ್ಚಿ ಎತ್ತಿ ಗಾಜು ಒಡೆದು ಒಳಗೆ ನುಗ್ಗುತ್ತಾನೆ. ಸಂಗೀತ ಏರುತ್ತದೆ, ಅವಳು ಅವನನ್ನು ಅಪ್ಪಿಕೊಳ್ಳುತ್ತಾಳೆ. ಈ ದೃಶ್ಯದ ಶಿಖರ ಗಾಜು ಒಡೆಯುವ ಕ್ಷಣ, ನಂತರದ ಕೂಡಾಟವಲ್ಲ. ಬಾಗಿಲು ಹಾಕಿದವಳೂ ಅವಳೇ, ಒಡೆಯುವಂತೆ ಮಾಡಿದವಳೂ ಅವಳೇ. ಒಡೆದವನು ಮಾತ್ರ ತಾನೇ ಗೆದ್ದೆನೆಂದು ಬೀಗುತ್ತಾನೆ. ಇನ್ನೊಬ್ಬರ ಮನೆಯ ಗಾಜು ಒಡೆಯಲು ಹೇಸದವನು ಮುಂದೆ ಕೊಲೆಗೂ ಹೇಸಲಾರ ಎಂದು ಆ ಕ್ಷಣ ಅವಳಿಗೆ ಖಾತ್ರಿಯಾಯಿತು. ಬಿಸಿಯೇರಿಸುವ ದೃಶ್ಯವೊಂದು ಒಳಗಿಂದೊಳಗೆ ಪರೀಕ್ಷೆಯ ದೃಶ್ಯವೂ ಆಗಿರುವುದು ಹೀಗೆ. ನಿರ್ದೇಶಕ ಇದನ್ನು ಒಂದು ಮಾತಿನಲ್ಲೂ ಹೇಳಿಸದೆ ಕ್ಯಾಮೆರಾದ ನಡೆಯಿಂದಷ್ಟೇ ಸಾಧಿಸಿದ್ದಾರೆ.

ಅಂಥದೇ ಇನ್ನೊಂದು ಉದಾಹರಣೆ: ಮನೆಯಂಗಳದಲ್ಲಿ ಬೆನ್ನು ಹಾಕಿ ನಿಂತ ಹೆಣ್ಣನ್ನು ಮ್ಯಾಟಿ ಎಂದೇ ತಿಳಿದು ನೆಡ್ ಪೋಲಿ ಮಾತಾಡಿಬಿಡುತ್ತಾನೆ. ತಿರುಗಿದಾಗ ನೋಡಿದರೆ ಅವಳ ಗೆಳತಿ ಮೇರಿ ಆ್ಯನ್. ಅಷ್ಟರಲ್ಲಿ ಮ್ಯಾಟಿಯೂ ಬಂದು ಮೂವರೂ ನಗುತ್ತಾರೆ, ನಾವೂ ನಗುತ್ತೇವೆ. ಕಥೆಯ ಅತಿ ಮುಖ್ಯ ಸುಳಿವನ್ನು ನಮ್ಮ ಕೈಗಿತ್ತು ನಿರ್ದೇಶಕ ಮುಂದೆ ನಡೆದಿರುತ್ತಾರೆ. ಕಥೆಯ ಕೊನೆಗೆ ದೋಣಿಮನೆಯೊಂದು ಸ್ಫೋಟಗೊಳ್ಳುತ್ತದೆ, ಅಲ್ಲಿ ಸತ್ತವಳು ಮ್ಯಾಟಿ ಎಂದು ಹಲ್ಲಿನ ದಾಖಲೆ ಹೇಳುತ್ತದೆ. ನೆಡ್ ಜೈಲು ಸೇರುತ್ತಾನೆ. ಅಲ್ಲಿ ಅವನು ತರಿಸಿಕೊಂಡ ಹೈಸ್ಕೂಲಿನ ವಾರ್ಷಿಕ ಸಂಚಿಕೆಯಲ್ಲಿ, ತಾನು ಮ್ಯಾಟಿ ಎಂದು ಪ್ರೀತಿಸಿದವಳ ಭಾವಚಿತ್ರದ ಕೆಳಗೆ ಇರುವ ಹೆಸರು ಮೇರಿ ಆ್ಯನ್ ಸಿಂಪ್ಸನ್. ಅವಳು ಬಹಳ ಹಿಂದೆಯೇ ಗೆಳತಿಯ ಹೆಸರು ಹೊತ್ತು ಬಾಳುತ್ತಿದ್ದಳು. ಅಂಗಳದ ಆ ನಗೆ ನೆನಪಾದಾಗ ಮೈ ಜುಮ್ಮೆನ್ನುತ್ತದೆ.

ನಟನೆಗೆ ಬಂದರೆ, ಕ್ಯಾಥ್ಲೀನ್ ಟರ್ನರ್ ಅವರ ಕೆಲಸ ದುಪ್ಪಟ್ಟು. ಟೆಲಿವಿಷನ್ ಧಾರಾವಾಹಿಯಿಂದ ನೇರ ಇಲ್ಲಿಗೆ ಬಂದ ನಟಿ ಅವರು. ಪ್ರೀತಿಸುವ ಹೆಣ್ಣನ್ನು ನಟಿಸುತ್ತಿರುವ ಹೆಣ್ಣನ್ನು ಅವರು ನಟಿಸಬೇಕಿತ್ತು. ಮೊದಲ ಸಲ ನೋಡುವವರಿಗೆ ಪ್ರೀತಿ ನಿಜವೆನಿಸಬೇಕು; ಎರಡನೇ ಸಲ ನೋಡುವವರಿಗೆ ಅದೇ ನೋಟದಲ್ಲಿ ಲೆಕ್ಕಾಚಾರ ಕಾಣಬೇಕು. ಇದಕ್ಕೆ ಅವರು ಬಳಸಿದ ಮುಖ್ಯ ಉಪಕರಣ ದನಿ. ತಗ್ಗಿದ, ತುಸು ಒಡಕಾದ, ಆತುರವಿಲ್ಲದ ದನಿ. ಸಾಲು ಮುಗಿದ ಮೇಲೂ ಅವರು ಒಂದು ಗಳಿಗೆ ಕಣ್ಣು ಕದಲಿಸುವುದಿಲ್ಲ. ಆ ಗಳಿಗೆಯಲ್ಲಿ ನೆಡ್ ಆಸೆ ಕಾಣುತ್ತಾನೆ. ಅವಳು ಅವನನ್ನು ತೂಗುತ್ತಿರುತ್ತಾಳೆ. ಕಡೆಯಲ್ಲಿ ದೋಣಿಮನೆಯತ್ತ ಹೋಗುವ ಮುನ್ನ ನಿನ್ನನ್ನು ಪ್ರೀತಿಸುತ್ತೇನೆ ಎನ್ನುತ್ತಾಳೆ. ಅದೂ ನಟನೆಯೋ, ಅಲ್ಲವೋ? ತಪ್ಪಿಸಿಕೊಂಡು ದೂರದ ಕಡಲತೀರ ಸೇರಿ, ಬೇಕೆಂದದ್ದೆಲ್ಲ ಸಿಕ್ಕ ಮೇಲೂ ಅವಳ ಮುಖದಲ್ಲಿ ಗೆಲುವಿಲ್ಲ. ಟರ್ನರ್ ಉತ್ತರ ಕೊಡದೆ ಪ್ರಶ್ನೆಯನ್ನು ಉಳಿಸಿದ್ದರಿಂದ ಆ ಪಾತ್ರ ಬರೀ ಖಳನಾಯಕಿ ಆಗದೆ ಮನುಷ್ಯಳಾಗಿ ಉಳಿಯಿತು.

ವಿಲಿಯಂ ಹರ್ಟ್ ಎದುರಿನ ಕಷ್ಟ ಬೇರೆ. ಬುದ್ಧಿ ಕಡಿಮೆಯಿರುವ ಮನುಷ್ಯನನ್ನು, ಅವನಿಗೆ ಅದು ಗೊತ್ತಿಲ್ಲದ ಹಾಗೆ ತೋರಿಸಬೇಕು. ಪ್ರೇಕ್ಷಕನಿಗೆ ಅವನ ಮೇಲೆ ತಾತ್ಸಾರವೂ ಬರಬಾರದು. ಹರ್ಟ್ ಅದನ್ನು ಸಣ್ಣ ಸಣ್ಣ ವರ್ತನೆಗಳಲ್ಲಿ ಕಟ್ಟುತ್ತಾರೆ. ಬೆವರು ಸುರಿಸಿ ಓಡಿ ಬಂದವನು ನಿಂತಕೂಡಲೇ ಸಿಗರೇಟು ಹಚ್ಚುತ್ತಾನೆ. ಹೋಟೆಲಿನಲ್ಲಿ ಆಕಸ್ಮಿಕವಾಗಿ ಎದುರಾದ ಗಂಡ, ಗೆಲ್ಲಬೇಕಾದರೆ ಏನು ಅಗತ್ಯವೋ ಅದನ್ನು ಮಾಡುವ ಛಾತಿ ಬೇಕು, ಅದಿಲ್ಲದವರನ್ನು ಕಂಡರೆ ನನಗಾಗದು ಎಂಬಂತೆ ಮಾತಾಡುವಾಗ, ನೆಡ್ ನಗುತ್ತಾ ತಾನೂ ಅಂಥವನೇ ಎಂದು ಒಪ್ಪಿಕೊಳ್ಳುತ್ತಾನೆ. ಆ ನಗೆಯ ಹಿಂದಿನ ಅವಮಾನ ಕೊಲೆಗೆ ಇನ್ನೊಂದು ಕಾರಣವಾಗುತ್ತದೆ. ಗಂಡನ ಪಾತ್ರದ ರಿಚರ್ಡ್ ಕ್ರೆನ್ನಾ ಆ ದೃಶ್ಯಕ್ಕೆ ಕೊಟ್ಟ ಗಟ್ಟಿತನ ಗಮನಾರ್ಹ. ಸಾಯಬೇಕಾದವನು ಪೆದ್ದನಾಗಿದ್ದರೆ ಸಂಚಿಗೆ ಬೆಲೆಯೇ ಇರುತ್ತಿರಲಿಲ್ಲ.

ಚಿಕ್ಕ ಪಾತ್ರಗಳನ್ನೂ ಕ್ಯಾಸ್ಡನ್ ಅಸಡ್ಡೆಯಿಂದ ಬರೆದಿಲ್ಲ. ಬೆಂಕಿ ಹಚ್ಚುವ ಟೆಡ್ಡಿಯಾಗಿ ಮಿಕಿ ರೂರ್ಕ್ ಬರುವುದು ಕೆಲವೇ ನಿಮಿಷ. ಯಾವುದೇ ಅಪರಾಧ ಕೆಡಲು ಐವತ್ತು ದಾರಿ ಇರುತ್ತವೆ, ಅದರಲ್ಲಿ ಅರ್ಧ ಊಹಿಸಿದವನೇ ಮಹಾಜಾಣ, ನೀನು ಅಂಥ ಜಾಣನಲ್ಲ ಎಂದು ಅವನು ನೆಡ್‌ಗೆ ಎಚ್ಚರಿಸುತ್ತಾನೆ. ಬುದ್ಧಿ ಹೇಳುತ್ತಿರುವವನು ಅಪರಾಧಿ, ಕೇಳದೇ ಹೋಗುತ್ತಿರುವವನು ವಕೀಲ. ಟೆಡ್ ಡ್ಯಾನ್ಸನ್ ಸರ್ಕಾರಿ ವಕೀಲನಾಗಿ, ಜೆ.ಎ. ಪ್ರೆಸ್ಟನ್ ಪೊಲೀಸ್ ಪತ್ತೇದಾರನಾಗಿ ನೆಡ್‌ನ ಗೆಳೆಯರು. ಗೆಳೆಯನ ವಿರುದ್ಧವೇ ಸಾಕ್ಷ್ಯ ಕೂಡಿಸುವ ಸಂಕಟ ಇಬ್ಬರ ಮುಖದಲ್ಲೂ ಕಾಣುತ್ತದೆ. ಮೋಹದಿಂದ ನೆಡ್ ಕಳೆದುಕೊಂಡದ್ದು ಬರೀ ಸ್ವಾತಂತ್ರ್ಯವಲ್ಲ, ಈ ಸ್ನೇಹವನ್ನೂ ಎಂದು ಅರಿವಾಗುವುದರಿಂದ ಕಥೆಗೆ ನೈತಿಕ ತೂಕ ಬರುತ್ತದೆ.

ಈ ಚಿತ್ರದ ಯಶಸ್ಸಿನ ನಂತರ ಬಂದವರೆಲ್ಲರೂ ಅದರ ಪಾಠ ಕಲಿತರೆಂದು ಹೇಳಲಾಗದು. 1987ರ ‘ಫೇಟಲ್ ಅಟ್ರ್ಯಾಕ್ಷನ್’ನಲ್ಲಿ ಗ್ಲೆನ್ ಕ್ಲೋಸ್ ನಟಿಸಿದ ಒಂಟಿ ಹೆಣ್ಣು ಮೂಲ ಚಿತ್ರಕಥೆಯ ಪ್ರಕಾರ ಆತ್ಮಹತ್ಯೆ ಮಾಡಿಕೊಳ್ಳಬೇಕಿತ್ತು. ಪ್ರಯೋಗ ಪ್ರದರ್ಶನದ ಪ್ರೇಕ್ಷಕರಿಗೆ ಅದು ರುಚಿಸಲಿಲ್ಲವೆಂದು ಮತ್ತೆ ಚಿತ್ರೀಕರಿಸಿ, ಅವಳನ್ನು ಚಾಕು ಹಿಡಿದ ರಾಕ್ಷಸಿಯಾಗಿಸಿ ಕೊಂದರು. ಗಲ್ಲಾಪೆಟ್ಟಿಗೆ ತುಂಬಿತು, ಪಾತ್ರ ಬಡವಾಯಿತು. 2003ರ ಹಿಂದಿ ಚಿತ್ರ ‘ಜಿಸ್ಮ್’ ಪಾಂಡಿಚೇರಿಯ ಕಡಲತೀರಕ್ಕೆ ‘ಬಾಡಿ ಹೀಟ್’ ಕಥೆಯನ್ನು ತಂದಿತು. ಮಹೇಶ್ ಭಟ್ ಬರೆದು ಅಮಿತ್ ಸಕ್ಸೇನಾ ನಿರ್ದೇಶಿಸಿದ ಆ ಚಿತ್ರದಲ್ಲಿ ಬಿಪಾಶಾ ಬಸು ಅವರ ನಿಲುವಿಗೆ ಬಿಗಿ ಇತ್ತು, ಎಂ.ಎಂ. ಕೀರವಾಣಿ ಅವರ ಹಾಡುಗಳು ಇಂದಿಗೂ ಕೇಳುವಂತಿವೆ. ಆದರೆ ನಾಯಕಿಯನ್ನು ಕೊನೆಗೆ ಸಾಯಿಸಿ ಲೆಕ್ಕ ಚುಕ್ತಾ ಮಾಡಿದ್ದರಿಂದ, ಮೂಲ ಚಿತ್ರ ಧೈರ್ಯವಾಗಿ ದಾಟಿದ ಗೆರೆಯ ಈಚೆಗೇ ಅದು ನಿಂತುಬಿಟ್ಟಿತು.

ಇನ್ನೊಂದು ವಿಷಯವನ್ನು ಹೇಳದೆ ಈ ಪ್ರಕಾರದ ಚರ್ಚೆ ಪೂರ್ಣವಾಗದು. 1992ರ ‘ಬೇಸಿಕ್ ಇನ್‌ಸ್ಟಿಂಕ್ಟ್’ನ ವಿಚಾರಣೆಯ ದೃಶ್ಯ ಜಗತ್ತಿಗೆಲ್ಲ ಗೊತ್ತು. ಅದರಲ್ಲಿ ಮೈ ಎಷ್ಟು ಕಾಣುತ್ತದೆ ಎಂಬ ಬಗ್ಗೆ ತನ್ನನ್ನು ತಪ್ಪುದಾರಿಗೆ ಎಳೆಯಲಾಯಿತು ಎಂದು ನಟಿ ಶರಾನ್ ಸ್ಟೋನ್ 2021ರ ಆತ್ಮಕಥನದಲ್ಲಿ ಬರೆದರು. ನಿರ್ದೇಶಕ ಪಾಲ್ ವರ್ಹೋವನ್ ಅದನ್ನು ಒಪ್ಪುವುದಿಲ್ಲ. ಆದರೆ ನಟಿಯ ಒಪ್ಪಿಗೆಯ ಬಗ್ಗೆ ಮೂವತ್ತು ವರ್ಷದ ನಂತರವೂ ವಿವಾದ ಉಳಿಯುವಂತಾದದ್ದೇ ಆ ಕಾಲದ ಕೆಲಸದ ರೀತಿಯ ದೋಷ. 2018ರ ಸುಮಾರಿಗೆ ಎಚ್‌ಬಿಒ ತನ್ನ ಧಾರಾವಾಹಿಗಳಿಗೆ ಇಂಟಿಮಸಿ ಕೋಆರ್ಡಿನೇಟರ್‌ಗಳನ್ನು ನೇಮಿಸಿತು. ಹೊಡೆದಾಟಕ್ಕೆ ಸಾಹಸ ನಿರ್ದೇಶಕರು ಇರುವಂತೆ ಆಪ್ತ ದೃಶ್ಯಗಳಿಗೂ ಒಬ್ಬರು ಇದ್ದು, ಯಾವ ಚಲನೆ, ಎಷ್ಟು ಸ್ಪರ್ಶ, ಕ್ಯಾಮೆರಾ ಎಲ್ಲಿ ಎಂಬುದನ್ನು ನಟರೊಂದಿಗೆ ಮೊದಲೇ ಮಾತಾಡಿ ಬರಹದಲ್ಲಿ ನಿಗದಿ ಮಾಡುವ ಪದ್ಧತಿ ಅದು. ಭಾರತದಲ್ಲೂ ಆಸ್ಥಾ ಖನ್ನಾ ಅಂಥವರು ಈ ಕೆಲಸದಲ್ಲಿದ್ದಾರೆ. ಇದರಿಂದ ಸಹಜತೆ ಹೋಗುತ್ತದೆ ಎಂಬ ಆಕ್ಷೇಪದಲ್ಲಿ ಹುರುಳಿಲ್ಲ. ಏನು ಮಾಡಲಿದ್ದೇವೆ ಎಂಬ ಭಯವಿಲ್ಲದ ನಟಿಗಷ್ಟೇ ಪಾತ್ರದ ಒಳಮನಸ್ಸಿನ ಬಗ್ಗೆ ಯೋಚಿಸಲು ಬಿಡುವು ಸಿಗುತ್ತದೆ.

ಕನ್ನಡದಲ್ಲಿ ಚಿತ್ರಕಥೆ ಬರೆಯುವ, ನಿರ್ದೇಶಿಸುವ ಯುವಕ ಯುವತಿಯರಲ್ಲಿ ನನ್ನದೊಂದು ವಿನಂತಿ. ಈ ಪ್ರಕಾರಕ್ಕೆ ಕೈ ಹಾಕುವುದಾದರೆ ನಿಮ್ಮ ಪ್ರತಿಯೊಂದು ಶೃಂಗಾರ ದೃಶ್ಯವನ್ನೂ ಕತ್ತರಿಸಿ ನೋಡಿ. ಕತ್ತರಿಸಿದ ಮೇಲೂ ಕಥೆ ನಿಂತರೆ ಆ ದೃಶ್ಯ ಬೇಕಿರಲಿಲ್ಲ, ಅದಕ್ಕಾಗಿ ಯಾವ ನಟಿಯನ್ನೂ ನಟನನ್ನೂ ಮುಜುಗರಕ್ಕೆ ಒಡ್ಡುವ ಹಕ್ಕು ನಿಮಗಿಲ್ಲ. ಕಥೆ ಕುಸಿದರೆ ಮಾತ್ರ ಆ ದೃಶ್ಯ ಉಳಿಯಲಿ. ನಾಲ್ಕು ದಶಕ ಕಳೆದ ಮೇಲೂ ‘ಬಾಡಿ ಹೀಟ್’ ಹಳತಾಗದೆ ಉಳಿದಿರುವುದು ಅದು ಈ ಪರೀಕ್ಷೆಯಲ್ಲಿ ತೇರ್ಗಡೆಯಾಗುವುದರಿಂದಲೇ.